ನೆಬ್ರಾಸ್ಕಾ ಬಯಲಿನ ಹಳೆಯ ಬಂಡಿದಾರಿ

ನಾವು ಶಾಲೆಯಲ್ಲಿ ಓದಿದ ಭೂಗೋಳದ ಪುಸ್ತಕದಲ್ಲಿ ಅಮೇರಿಕಾ ಸಂಯುಕ್ತ ಸಂಸ್ಥಾನಗಳ ನಡುನಾಡಿನ ವಿಷಯವಾಗಿ ಒಂದೇ ಒಂದು ವಾಕ್ಯವಿತ್ತು. ಅದು ಹಿಂದೆ ಜನರಿಲ್ಲದ ಬರಿಯ ಹುಲ್ಲುಬಯಲಾಗಿತ್ತೆಂತಲೂ, ಧೈರ್ಯಶಾಲಿಗಳಾದ ಒಕ್ಕಲು ಮಕ್ಕಳು ಪೂರ್ವದಿಂದ ಬಂದು ಅದನ್ನು ಧಾನ್ಯದ ಕಣಜವನ್ನಾಗಿ ಮಾಡಿದರೆಂತಲೂ ಅದರ ತಾತ್ಪರ್ಯ. ನಾವು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅದಕ್ಕೆ ಅಂಕಗಳನ್ನೂ ಪಡೆದೆವು. ಆ ವಾಕ್ಯದ ಉತ್ತರಾರ್ಧವು ಬಹುಮಟ್ಟಿಗೆ ನಿಜವೇ. ಪೂರ್ವಾರ್ಧವು ಸುಳ್ಳು. ಇದನ್ನು ನಾವು ಆ ಸೀಮೆಯಲ್ಲಿಯೇ ಮೋಟಾರು ನಡಿಸಿಕೊಂಡು ಹೋಗಿ ತಿಳುಕೊಂಡ ಬಗೆಯನ್ನು ಈ ಸಂಚಿಕೆಯ ವಾಚಕರಿಗೆ ತಿಳಿಸುವದು ಯುಕ್ತವೆಂದು ತೋರಿತು. ಯಾಕಂದರೆ ಅಂಥ ಪುಸ್ತಕಗಳನ್ನು ಓದಿದವರು ನಾವಿಬ್ಬರೇ ಅಲ್ಲ.

ಮೊದಲು ಸ್ಥಳದ ವಿಚಾರ. ನೆಬ್ರಾಸ್ಕಾ ಎಂಬ ಸಂಸ್ಥಾನದ ಪೂರ್ವದ ಗಡಿಯಲ್ಲಿ ಮಿಸ್ಸೌರಿ ನದಿಯು ಹರಿಯುತ್ತದೆ. ಅದರ ದಡದಲ್ಲಿ ಓಮಾಹಾ ಪಟ್ಟಣವಿದೆ. ಪಶ್ಚಿಮದ ಬೆಟ್ಟಗಳ ಕಡೆಯಿಂದ ಪ್ಲ್ಯಾಟ್ ಎಂಬ ನದಿಯು ಸಂಸ್ಥಾನವನ್ನೆಲ್ಲಾ ಹಾದು ಬಂದು ಮಿಸ್ಸೌರಿಯನ್ನು ಕೂಡುತ್ತದೆ. ಈ ಪ್ಲ್ಯಾಟ್ ನದಿಗೆ ಅಗಲ ಬಹಳ, ಆಳ ಸ್ವಲ್ಪ. ನೆಬ್ರಾಸ್ಕಾ ಎಂಬ ಹೆಸರೇ ಅಲ್ಲಿಯ ಮೂಲನಿವಾಸಿಗಳಾದ ಓಟೋ ಕುಲದವರ ಭಾಷೆಯಲ್ಲಿ ಚಪ್ಪಟೆಯಾದ ನೀರು ಎಂದರ್ಥ ಕೊಡುತ್ತದೆ. ಜನರಿಲ್ಲದ ನಾಡಿಗೆ ಹೆಸರಿಟ್ಟವರು ಯಾರು ಎಂಬ ಪ್ರಶ್ನೆಯು ಪುಸ್ತಕ ಓದುವಾಗ ನಮಗೆ ಯಾಕೆ ಹುಟ್ಟಲಿಲ್ಲವೋ!

ಓಮಾಹಾದಲ್ಲಿ ಒಂದು ಮೋಟಾರನ್ನು ಬಾಡಿಗೆಗೆ ಹಿಡಿದೆವು. ಅಲ್ಲಿ ರಸ್ತೆಯ ಬಲಗಡೆಯಲ್ಲಿ ನಡಿಸಬೇಕು. ನಮ್ಮಲ್ಲೊಬ್ಬಳು ಚಕ್ರ ಹಿಡಿದರೆ ಮತ್ತೊಬ್ಬಳು ಪ್ರತಿ ತಿರುವಿನಲ್ಲಿಯೂ "ಬಲಕ್ಕೆ, ಬಲಕ್ಕೆ" ಎಂದು ಹೇಳುವ ಏರ್ಪಾಡು ಮಾಡಿಕೊಂಡೆವು. ಆದಾಗ್ಯೂ ಒಂದು ಪೆಟ್ರೋಲ್ ಅಂಗಡಿಯಿಂದ ಹೊರಡುವಾಗ ಎಡಕ್ಕೇ ಹೋಗಿ, ಎದುರಿನಿಂದ ಬಂದ ಮುದುಕರೊಬ್ಬರು ತಮ್ಮ ಗಾಡಿಯನ್ನು ನಿಲ್ಲಿಸಿ ಕೈಬೀಸಿ ನಮ್ಮನ್ನು ತಿದ್ದಿದರು. ಆ ನಾಡಿನ ಒಂದು ನಿಯಮವು ತಂದೆತಾಯಿಗಳಾದವರಿಗೆ ಮೆಚ್ಚಿಕೆಯಾದೀತು: ಶಾಲೆಯ ಮಕ್ಕಳ ಬಸ್ಸು ಕೆಂಪು ದೀಪ ಬೆಳಗಿಸಿ ನಿಂತರೆ ಹಿಂದಿನ ಗಾಡಿಗಳು ಮಾತ್ರವಲ್ಲ, ಸಾಮಾನ್ಯ ರಸ್ತೆಯಲ್ಲಿ ಎದುರಿನಿಂದ ಬರುವವುಗಳೂ ನಿಲ್ಲತಕ್ಕದ್ದು.

ಪಶ್ಚಿಮಕ್ಕೆ ಹೊರಡುವ ಮೊದಲು ಉತ್ತರಕ್ಕೆ ಸುಮಾರು 75 ಮೈಲು ಹೋಗಿ ವಾಲ್ಟ್‌ಹಿಲ್ ಎಂಬ ಸಣ್ಣ ಊರನ್ನು ನೋಡಿದೆವು. ಇದು ಓಮಾಹಾ ಕುಲದವರ ಮೀಸಲು ನೆಲದೊಳಗಿದೆ. 1854 ರ ಒಪ್ಪಂದದಿಂದ ಈ ಕುಲದವರು ತಮ್ಮ ಬೇಟೆಯ ಸೀಮೆಯನ್ನೆಲ್ಲಾ ಸರಕಾರಕ್ಕೆ ಬಿಟ್ಟುಕೊಟ್ಟು, ನದಿಯ ದಡದ ಈ ತುಂಡು ನೆಲವನ್ನು ಮಾತ್ರ ಉಳಿಸಿಕೊಂಡರು. ಇಲ್ಲಿಯೇ 1865 ರಲ್ಲಿ ಅವರ ಮುಖ್ಯಸ್ಥನಾದ ಜೋಸೆಫ್ ಲಾಫ್ಲೆಶ್ ಎಂಬವನಿಗೆ ಸೂಸನ್ ಎಂಬ ಮಗಳು ಹುಟ್ಟಿದಳು. ಕುಲದ ಒಬ್ಬ ಮುದುಕಿಯು ಕಾಯಿಲೆಯಿಂದ ನರಳುತ್ತಿರುವಾಗ ಬಿಳಿಯ ವೈದ್ಯನಿಗೆ ಪದೇ ಪದೇ ಹೇಳಿಕಳುಹಿಸಿದರೂ ಅವನು ಬಾರದೆ, ಬೆಳಗಾಗುವದರೊಳಗೆ ಅವಳು ಸತ್ತದ್ದನ್ನು ಬಾಲೆಯಾದ ಸೂಸನ್ ಹತ್ತಿರವೇ ಕೂತು ನೋಡಿದಳಂತೆ. ಅವಳು ಮಿಶನ್ ಶಾಲೆಯಲ್ಲಿ ಅಕ್ಷರ ಕಲಿತು, ದೂರದ ಊರುಗಳಲ್ಲಿ ವಿದ್ಯೆ ಮುಂದುವರಿಸಿ, 1886 ರಲ್ಲಿ ಫಿಲಡೆಲ್ಫಿಯಾದಲ್ಲಿರುವ ಪೆನ್ಸಿಲ್ವೇನಿಯಾ ಸ್ತ್ರೀಯರ ವೈದ್ಯಕಾಲೇಜನ್ನು ಸೇರಿದಳು.

ಈ ಕಾಲೇಜಿನ ಹೆಸರು ನಮ್ಮ ದೇಶಕ್ಕೆ ಅಪರಿಚಿತವಲ್ಲ. ಆನಂದೀಬಾಯಿ ಜೋಶಿಯವರು ವೈದ್ಯಪದವಿ ಪಡೆದದ್ದು ಅಲ್ಲಿಯೇ, ಅದೇ 1886 ನೇ ಇಸವಿಯ ಮಾರ್ಚಿಯಲ್ಲಿ. ಕೆಲವು ತಿಂಗಳುಗಳ ಅಂತರದಿಂದ ಈ ಇಬ್ಬರು ಒಬ್ಬರನ್ನೊಬ್ಬರು ಕಾಣದೆ ಹೋದರು. ಆನಂದೀಬಾಯಿಯವರು ಸ್ವದೇಶಕ್ಕೆ ಬಂದು 1887 ರ ಫೆಬ್ರುವರಿಯಲ್ಲಿ ತೀರಿಹೋದ ಸಂಗತಿಯು ನಮಗೆಲ್ಲರಿಗೂ ಗೊತ್ತು. ಸೂಸನಳಾದರೋ 1889 ರಲ್ಲಿ ತನ್ನ ತರಗತಿಗೆ ಮೊದಲನೆಯವಳಾಗಿ ತೇರ್ಗಡೆಯಾಗಿ, ಅಮೇರಿಕಾದ ಮೂಲನಿವಾಸಿ ಸ್ತ್ರೀಯರಲ್ಲಿ ವೈದ್ಯಪದವಿ ಪಡೆದ ಮೊದಲನೆಯವಳೆನಿಸಿಕೊಂಡಳು. ಪಟ್ಟಣದಲ್ಲಿ ನಿಲ್ಲದೆ ತನ್ನವರ ಬಳಿಗೆ ಹಿಂತಿರುಗಿದಳು. ಸಾವಿರದ ಇನ್ನೂರಕ್ಕೂ ಹೆಚ್ಚು ಜನರಿಗೆ ಅವಳೊಬ್ಬಳೇ ವೈದ್ಯೆ. ಚಳಿಗಾಲದ ಹಿಮದಲ್ಲಿ ಕುದುರೆಯ ಮೇಲೋ ಕುದುರೆಗಾಡಿಯಲ್ಲೋ ಮೈಲುಗಟ್ಟಳೆ ಹೋಗಬೇಕಾಗುತ್ತಿತ್ತು. ಕೊನೆಗೆ 1913 ರಲ್ಲಿ ವಾಲ್ಟ್‌ಹಿಲ್‌ನಲ್ಲಿ ಒಂದು ಆಸ್ಪತ್ರೆಯನ್ನು ತೆರೆಯಿಸಿ, ಎರಡೇ ವರುಷಗಳ ಮೇಲೆ, 1915 ರಲ್ಲಿ ಸತ್ತಳು. ಆ ಕಟ್ಟಡವು ಈಗಲೂ ಇದೆ. 1993 ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕಗಳ ಪಟ್ಟಿಗೆ ಸೇರಿಸಿದರು. ಗುಡ್ಡದ ಮೇಲಿನ ಮರದ ಕಟ್ಟಡ, ನೋಡುವದಕ್ಕೆ ಸಾಧಾರಣವಾದದ್ದು. ನಾವು ಅದರ ಮುಂದೆ ಬಹಳ ಹೊತ್ತು ನಿಂತೆವು.

ಇವಳ ಅಕ್ಕ ಸೂಸೆಟ್ ಎಂಬವಳ ಹೆಸರನ್ನೂ ಹೇಳಬೇಕು. 1877 ರಲ್ಲಿ ನೆರೆಯ ಪೋಂಕಾ ಕುಲದವರನ್ನು ಸರಕಾರವು ದಕ್ಷಿಣದ ದೂರದ ಪ್ರಾಂತಕ್ಕೆ ಸಾಗಿಸಿತು. ಅಲ್ಲಿ ಬಹಳ ಮಂದಿ ಸತ್ತರು. ಮುಖ್ಯಸ್ಥನಾದ ಸ್ಟ್ಯಾಂಡಿಂಗ್ ಬೇರ್ ಎಂಬವನು, ತನ್ನ ಮಗನ ಶವವನ್ನು ಹುಟ್ಟೂರಲ್ಲಿ ಹೂಣಿಡುವೆನೆಂದು ಕೊಟ್ಟ ಮಾತಿಗೆ ಕಟ್ಟುಬಿದ್ದು, 1879 ರ ಜನವರಿಯಲ್ಲಿ ಸುಮಾರು ಮೂವತ್ತು ಮಂದಿಯೊಡನೆ ನಡೆದುಕೊಂಡು ಹೊರಟನು. ಅವರನ್ನು ಹಿಡಿದು ಓಮಾಹಾದ ಕೋಟೆಯಲ್ಲಿ ಇಟ್ಟರು. ಮೊಕದ್ದಮೆಯಲ್ಲಿ ನ್ಯಾಯಾಧಿಪತಿ ಡಂಡಿ ಎಂಬವರು ಮೂಲನಿವಾಸಿಯೂ ಕಾನೂನಿನ ಕಣ್ಣಿಗೆ ಮನುಷ್ಯನೇ ಎಂದು ತೀರ್ಪುಕೊಟ್ಟು ಅವನನ್ನು ಬಿಡಿಸಿದರು. ಈ ಸಂಗತಿಯನ್ನು ತೀರ್ಮಾನಿಸುವದಕ್ಕೆ ಒಂದು ನ್ಯಾಯಸ್ಥಾನವೇ ಬೇಕಾಯಿತು! ಆ ಮೇಲೆ ಅವನು ಪೂರ್ವದ ಪಟ್ಟಣಗಳಲ್ಲಿ ಮಾಡಿದ ಭಾಷಣಗಳನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದವಳು ಸೂಸೆಟ್. 2019 ರಿಂದ ವಾಷಿಂಗ್ಟನ್ನಿನ ಶಾಸನಸಭಾ ಮಂದಿರದಲ್ಲಿ ನೆಬ್ರಾಸ್ಕಾದ ಪರವಾಗಿ ನಿಂತಿರುವ ವಿಗ್ರಹಗಳಲ್ಲಿ ಸ್ಟ್ಯಾಂಡಿಂಗ್ ಬೇರನದೂ ಒಂದು.

ಅಲ್ಲಿಂದ ದಕ್ಷಿಣಕ್ಕೆ ತಿರುಗಿ, ಲಿಂಕನ್ ನಗರವನ್ನು ದಾಟಿ, ಬಿಯಾಟ್ರಿಸ್ ಎಂಬ ಊರಿಗೆ ಬಂದೆವು. ಪುಸ್ತಕದ ಧೈರ್ಯಶಾಲಿ ಒಕ್ಕಲಿಗರ ಕಥೆಯು ಇಲ್ಲಿಯದು. 1862 ರ ಮೇ 20 ರಂದು ಅಧ್ಯಕ್ಷ ಲಿಂಕನ್ನರು ಒಂದು ಭೂಕಾನೂನಿಗೆ ಸಹಿಹಾಕಿದರು. 21 ವರುಷ ತುಂಬಿದ ಅಥವಾ ಕುಟುಂಬದ ಯಜಮಾನನಾದ ಯಾವ ಪ್ರಜೆಯೇ ಆಗಲಿ, ಪ್ರಜೆಯಾಗುವೆನೆಂದು ಬರೆದುಕೊಟ್ಟ ಪರದೇಶಸ್ಥನೇ ಆಗಲಿ 160 ಎಕ್ರೆ ಸರಕಾರೀ ನೆಲವನ್ನು ಹಿಡಿದು, ಐದು ವರುಷ ಅಲ್ಲಿಯೇ ವಾಸಮಾಡಿ, ಮನೆ ಕಟ್ಟಿ, ಉತ್ತು ಬೆಳೆದರೆ ಅದು ಅವನದಾಗುವದು. ಒಟ್ಟು 18 ಡಾಲರು ಫೀಜು ಕೊಟ್ಟರೆ ಸಾಕು. 1863 ರ ಜನವರಿ 1 ರಂದು ಕಾನೂನು ಜಾರಿಗೆ ಬಂದ ದಿನವೇ ಅರ್ಜಿಕೊಟ್ಟವರಲ್ಲಿ ಡ್ಯಾನಿಯಲ್ ಫ್ರೀಮನ್ ಎಂಬವನ ನೆಲವು ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಗಿದೆ.

ಈ ಕಾನೂನಿನಲ್ಲಿ ಮದುವೆಯಾಗದ ಹೆಂಗಸರಿಗೂ ವಿಧವೆಯರಿಗೂ ಗಂಡಸರ ಸಮಾನವಾಗಿ ನೆಲ ಹಿಡಿಯುವ ಹಕ್ಕು ಇತ್ತೆಂಬದು ನಮಗೆ ಬಹಳ ಆಶ್ಚರ್ಯವೆನಿಸಿತು. ಅವರಿಗೆ ಆ ಕಾಲದಲ್ಲಿ ಓಟು ಇರಲಿಲ್ಲ, ಹೊಲ ಮಾತ್ರ ಸಿಕ್ಕಿತು! 1886 ರಲ್ಲಿ ಸಾಲೋಮನ್ ಬುಚರ್ ಎಂಬವನು ಕಸ್ಟರ್ ಪ್ರಾಂತದಲ್ಲಿ ತೆಗೆದ ಒಂದು ಛಾಯಾಚಿತ್ರದಲ್ಲಿ ಕ್ರಿಸ್ಮನ್ ಮನೆತನದ ನಾಲ್ಕು ಮಂದಿ ಸಹೋದರಿಯರು ತಮ್ಮ ಮಣ್ಣುಹೆಂಟೆಯ ಮನೆಯ ಮುಂದೆ, ಕುದುರೆಗಳೊಂದಿಗೆ ನಿಂತಿದ್ದಾರೆ. ಲಿಜ್ಜೀ ಎಂಬವಳು ಮರುವರುಷ ತನ್ನ ಹೆಸರಿನಲ್ಲಿ ನೆಲ ಹಿಡಿದಳು, ಲೂಟೀ ಎಂಬವಳು ಅದರ ಮುಂದಿನ ವರುಷ. ಮರವಿಲ್ಲದ ಆ ಬಯಲಿನಲ್ಲಿ ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣನ್ನೇ ನೇಗಿಲಿನಿಂದ ಪಟ್ಟೆಪಟ್ಟೆಯಾಗಿ ಎಬ್ಬಿಸಿ, ಇಟ್ಟಿಗೆಯಂತೆ ಕಡಿದು ಗೋಡೆ ಕಟ್ಟುತ್ತಿದ್ದರು. ಅಂಥ ಮನೆ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆದರೆ ಮಳೆ ಹೊಯ್ದರೆ ಮಾಡಿನಿಂದ ಕೆಸರು ಸುರಿಯುವದು, ಒಮ್ಮೊಮ್ಮೆ ಹಾವೂ ಬೀಳುವದು. ಒಲೆಗೆ ಸೌದೆಯಿಲ್ಲದೆ ಒಣಗಿದ ಸಗಣಿಯನ್ನು ಉರಿಸಿದರು. ನಮ್ಮ ಅಜ್ಜಿಯರಿಗೆ ಅದನ್ನು ಕೇಳಿದರೆ ಏನೂ ಹೊಸದೆನಿಸದು.

ಆ ಉದ್ಯಾನದಲ್ಲಿ 1872 ರಲ್ಲಿ ಕಟ್ಟಿದ ಒಂದೇ ಕೋಣೆಯ ಇಟ್ಟಿಗೆಯ ಶಾಲೆಯೂ ಇದೆ. 1967 ರ ವರೆಗೆ ಅಲ್ಲಿ ಪಾಠ ನಡೆಯಿತು. ಈ ಸಂಚಿಕೆಯ ವಾಚಕರಿಗೆ ಒಂದು ವಿಶೇಷವನ್ನು ಹೇಳಬೇಕು. ಅಲ್ಲಿಯ ಉಪಾಧ್ಯಾಯಿನಿಯು ಮಕ್ಕಳಿಗೆ ಸತ್ಯವೇದವನ್ನು ಓದಿ, ಪ್ರಾರ್ಥನೆ ಮಾಡಿಸಿ, ಕೀರ್ತನೆ ಹಾಡಿಸುವದನ್ನು ಮೇಲೆ ಹೇಳಿದ ಫ್ರೀಮನ್ನನು ಆಕ್ಷೇಪಿಸಿದನು. ಅದು ಜನರ ತೆರಿಗೆಯಿಂದ ನಡೆಯುವ ಶಾಲೆ ಎಂದು ಅವನ ವಾದ. 1902 ರಲ್ಲಿ ಆ ಸಂಸ್ಥಾನದ ಉಚ್ಚ ನ್ಯಾಯಸ್ಥಾನವು ಅವನ ಪಕ್ಷವಾಗಿ ತೀರ್ಪು ಕೊಟ್ಟಿತು. ಪ್ರತಿದಿನವೂ ಪ್ರಾರ್ಥನೆಯಿಂದ ಪಾಠ ಆರಂಭಿಸಿದ ನಮಗೆ ಇದನ್ನು ಓದಿ ಮೊದಲು ಅಸಮಾಧಾನವಾದದ್ದು ನಿಜ. ಊಟದ ಹೊತ್ತಿಗೆ ನಾವಿಬ್ಬರೂ ಫ್ರೀಮನ್ನನ ವಾದದಲ್ಲಿ ಹುರುಳಿದೆಯೆಂದು ಒಪ್ಪಿಕೊಂಡಿದ್ದೆವು.

ಈ ಕಾನೂನಿನಿಂದ ಕೊನೆಗೆ ಸುಮಾರು 16 ಲಕ್ಷ ಮಂದಿಗೆ 27 ಕೋಟಿ ಎಕ್ರೆ ನೆಲ ಸಿಕ್ಕಿತು. ನಮ್ಮ ದೇಶದಿಂದ ಹೋದವರು ಆ ಸಾಲಿನಲ್ಲಿ ನಿಲ್ಲುವದು ಕಷ್ಟವಿತ್ತು; 1923 ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಸ್ಥಾನವು ಭಾರತೀಯರು ಪ್ರಜೆಗಳಾಗುವದಕ್ಕೆ ಅರ್ಹರಲ್ಲವೆಂದು ಹೇಳಿತು, 1946 ರಲ್ಲಿ ಮಾತ್ರ ಅದು ಬದಲಾಯಿತು. ಸರಕಾರವು ಇಷ್ಟು ನೆಲವನ್ನು ಎಲ್ಲಿಂದ ತಂದಿತು? ವಾಲ್ಟ್‌ಹಿಲ್ಲನ್ನು ಮೊದಲು ನೋಡಿ ಬಂದದ್ದರಿಂದ ಉತ್ತರವನ್ನು ಯಾರೂ ಹೇಳಬೇಕಾಗಿರಲಿಲ್ಲ. ಮೂಲನಿವಾಸಿಗಳ ಕೈಯಲ್ಲಿ 1887 ರಲ್ಲಿ ಇನ್ನೂ ಉಳಿದಿದ್ದ 13 ಕೋಟಿ 80 ಲಕ್ಷ ಎಕ್ರೆಯು 1934 ರ ಹೊತ್ತಿಗೆ 4 ಕೋಟಿ 80 ಲಕ್ಷಕ್ಕೆ ಇಳಿಯಿತು.

ಅನಂತರ ಪ್ಲ್ಯಾಟ್ ನದಿಯ ಪಕ್ಕದ ಹೆದ್ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಹೊರಟೆವು. ದಾರಿ ನೇರ, ಆಕಾಶ ವಿಶಾಲ, ಮುಸುಕಿನ ಜೋಳದ ಹೊಲಗಳಿಗೆ ಕೊನೆಯಿಲ್ಲ. ಈ ಕಣಿವೆಯಲ್ಲಿ 1840 ರಿಂದ 1869 ರ ವರೆಗೆ ಮೂರು ಲಕ್ಷಕ್ಕೂ ಹೆಚ್ಚು ಜನರು ಓರೆಗನ್, ಕ್ಯಾಲಿಫೋರ್ನಿಯಾ, ಯೂಟಾ ಸೀಮೆಗಳಿಗೆ ಎತ್ತಿನ ಬಂಡಿಗಳಲ್ಲಿ ಹೋದರು. ಬಂಡಿಗಳಲ್ಲಿ ಎಂದು ಹೇಳುವದು ರೂಢಿ. ನಿಜವಾಗಿ ಬಂಡಿಯಲ್ಲಿ ಹಿಟ್ಟು, ಉಪ್ಪುಮಾಂಸ, ಹಾಸಿಗೆಗಳು ತುಂಬಿದ್ದರಿಂದ ಹೆಂಗಸರು ಮಕ್ಕಳು ಸಹ ಬಹುಪಾಲು ನಡೆದೇ ಹೋದರು. ದಿನಕ್ಕೆ ಹದಿನೈದು ಮೈಲು ಸಾಗಿದರೆ ಒಳ್ಳೆಯ ಪ್ರಯಾಣ. ಅಷ್ಟು ದಾರಿ ನಮಗೆ ಕಾಲುಗಂಟೆಯೂ ಹಿಡಿಯಲಿಲ್ಲ. 1869 ರ ಮೇ 10 ರಂದು ರೈಲುದಾರಿಯು ಪೂರ್ಣವಾದ ಮೇಲೆ ಬಂಡಿಗಳು ಕಡಿಮೆಯಾದವು.

ಒಗಲ್ಲಾಲಾ ಎಂಬ ಊರಿನಲ್ಲಿ ಹೆದ್ದಾರಿಯನ್ನು ಬಿಟ್ಟು, ಉತ್ತರದ ಕವಲುನದಿಯ ಕಡೆಗೆ ಹೋಗುವ 26 ನೇ ನಂಬ್ರದ ಸಣ್ಣ ರಸ್ತೆಗೆ ತಿರುಗಿದೆವು. ಅಲ್ಲಿ ಆಶ್ ಹಾಲೋ ಎಂಬ ಕೊಳ್ಳವಿದೆ. ಬಂಡಿಗಳನ್ನು ಚಕ್ರ ಕಟ್ಟಿ, ಹಗ್ಗ ಹಿಡಿದು, ಕಡಿದಾದ ಗುಡ್ಡದಿಂದ ಇಳಿಸಿದ ಗಾಯಗಳು ನೆಲದ ಮೇಲೆ ಇನ್ನೂ ಕಾಣುತ್ತವೆ. ಕೆಳಗೆ ಸಿಹಿನೀರಿನ ಒರತೆ. ಅದರ ಸಮೀಪದಲ್ಲಿ ಸಣ್ಣ ಸ್ಮಶಾನ. ಅಲ್ಲಿ ರೇಚಲ್ ಪ್ಯಾಟಿಸನ್ ಎಂಬ 18 ವರುಷದ ಹುಡುಗಿಯ ಸಮಾಧಿಯಿದೆ. ಮದುವೆಯಾಗಿ ಕೆಲವೇ ವಾರಗಳಾಗಿದ್ದವು. 1849 ರ ಜೂನ್ 19 ರಂದು ಬೆಳಿಗ್ಗೆ ವಾಂತಿಭೇದಿ ಹಿಡಿದು ರಾತ್ರಿಯೊಳಗೆ ತೀರಿಹೋದಳು. ದಾರಿಯಲ್ಲಿ ಸತ್ತವರಲ್ಲಿ ಹೆಚ್ಚಿನವರು ಇಂಥ ರೋಗಗಳಿಂದ ಸತ್ತರು. ಸಿನೆಮಾಗಳಲ್ಲಿ ತೋರಿಸುವ ಬಾಣಗಳಿಂದ ಸತ್ತವರು ಅವರಿಗಿಂತ ಎಷ್ಟೋ ಕಡಿಮೆ.

ಅದೇ ಕೊಳ್ಳದಿಂದ ನದಿಯಾಚೆಗೆ ಕೆಲವೇ ಮೈಲು ದೂರದಲ್ಲಿ ಬ್ಲೂ ವಾಟರ್ ಎಂಬ ಹಳ್ಳವು ಹರಿಯುತ್ತದೆ. ಅಲ್ಲಿಯ ವೃತ್ತಾಂತವು ಒಂದು ಹಸುವಿನಿಂದ ಆರಂಭವಾಗುತ್ತದೆ. 1854 ರ ಆಗಸ್ಟಿನಲ್ಲಿ ಇನ್ನೂ ಪಶ್ಚಿಮಕ್ಕೆ ಲಾರಮಿ ಕೋಟೆಯ ಬಳಿ, ಪ್ರಯಾಣಿಕನೊಬ್ಬನ ಹಸುವು ತಪ್ಪಿಸಿಕೊಂಡು ಲಕೋಟಾ ಕುಲದವರ ಪಾಳೆಯಕ್ಕೆ ಹೋಯಿತು. ಅವರಲ್ಲೊಬ್ಬನು ಅದನ್ನು ಕೊಂದನು. ಮುಖ್ಯಸ್ಥನು ಬದಲಿಗೆ ಕುದುರೆ ಕೊಡುವೆನೆಂದನು. ಗ್ರಾಟನ್ ಎಂಬ ಎಳೆಯ ಸೇನಾಧಿಕಾರಿಯು ಅದನ್ನು ಒಪ್ಪದೆ ಸಿಪಾಯಿಗಳೊಡನೆ ಹೋಗಿ ಗುಂಡು ಹಾರಿಸಲು, ಮುಖ್ಯಸ್ಥನು ಗಾಯಪಟ್ಟು ಸತ್ತನು; ಗ್ರಾಟನನೂ ಅವನ ಸಂಗಡಿಗರೂ ಹತರಾದರು. ಮರುವರುಷ, 1855 ರ ಸೆಪ್ಟೆಂಬರ್ 3 ರಂದು, ಜನರಲ್ ಹಾರ್ನೀ ಎಂಬವನು ಅದರ ಸೇಡು ತೀರಿಸುವದಕ್ಕೆ ಈ ಹಳ್ಳದ ದಡದಲ್ಲಿದ್ದ ಪಾಳೆಯದ ಮೇಲೆ ಬಿದ್ದನು. ಮುಂದುಗಡೆ ಸಂಧಾನದ ಮಾತು ನಡೆಯುತ್ತಿರಲು ಕುದುರೆಸವಾರರು ಹಿಂದುಗಡೆಯಿಂದ ಸುತ್ತಿಕೊಂಡರು. ಹೆಂಗಸರೂ ಮಕ್ಕಳೂ ಬಂಡೆಗಳ ಗವಿಗಳಲ್ಲಿ ಅಡಗಿಕೊಂಡರು. ಅಲ್ಲಿಗೂ ಗುಂಡು ಹಾರಿಸಿದರು. 86 ಮಂದಿ ಸತ್ತರೆಂದು ಲೆಕ್ಕ. ಬಹಳ ಕಾಲ ಈ ಹಾರ್ನೀಯ ಹೆಸರನ್ನು ದಕ್ಷಿಣ ಡಕೋಟಾದ ಅತಿ ಎತ್ತರವಾದ ಶಿಖರಕ್ಕೆ ಇಟ್ಟಿದ್ದರು. 2016 ರಲ್ಲಿ ಅದನ್ನು ತೆಗೆದು ಲಕೋಟಾ ಹಿರಿಯನಾದ ಬ್ಲ್ಯಾಕ್ ಎಲ್ಕನ ಹೆಸರನ್ನು ಇಟ್ಟರು.

ನಮ್ಮ ಕೈಯಲ್ಲಿದ್ದ ಫೋನು ಆ ಹಳ್ಳದ ಬಳಿ ದಾರಿ ಹೇಳುವದನ್ನು ನಿಲ್ಲಿಸಿತು. ರಸ್ತೆಯ ಅಂಚಿನ ಒಂದು ಫಲಕವನ್ನು ಓದಿ, ಹುಲ್ಲಿನ ನಡುವೆ ನಿಂತೆವು. ರೇಚಲಳ ಹೆಸರು ಕಲ್ಲಿನ ಮೇಲೆ ಇದೆ. ಇಲ್ಲಿ ಗವಿಗಳಲ್ಲಿ ಸತ್ತ ಹುಡುಗಿಯರ ಹೆಸರುಗಳನ್ನು ಯಾವ ಕಲ್ಲಿನ ಮೇಲೂ ನಾವು ಕಾಣಲಿಲ್ಲ.

ಮರುದಿನ ಚಿಮ್ನೀ ರಾಕ್ ಎಂಬ ಕಂಬದಂಥ ಬಂಡೆಯನ್ನೂ, ನದಿಯಿಂದ 800 ಅಡಿ ಮೇಲಕ್ಕೆ ಎದ್ದಿರುವ ಸ್ಕಾಟ್ಸ್ ಬ್ಲಫ್ ಎಂಬ ಗುಡ್ಡವನ್ನೂ ನೋಡಿದೆವು. ಬಂಡಿಗಳವರು ಬಹು ದಿನ ಬಯಲನ್ನೇ ನೋಡಿ ಬೇಸತ್ತು, ಈ ಬಂಡೆಯನ್ನು ಕಂಡೊಡನೆ ದಿನಚರಿಯಲ್ಲಿ ಬರೆದುಕೊಳ್ಳುತ್ತಿದ್ದರು. ಗುಡ್ಡದ ಮೇಲಿನ ವರೆಗೆ ಮೋಟಾರು ಹೋಗುತ್ತದೆ. ಊರಿನ ಹೊರಗೆ, ರೈಲುಹಳಿಯ ಹತ್ತಿರ, 1852 ರ ಆಗಸ್ಟಿನಲ್ಲಿ ವಾಂತಿಭೇದಿಯಿಂದ ಸತ್ತ ರೆಬೆಕ್ಕಾ ವಿಂಟರ್ಸ್ ಎಂಬಾಕೆಯ ಸಮಾಧಿಯಿದೆ. ಕಲ್ಲು ಸಿಕ್ಕದೆ ಅವಳ ಸಂಗಡಿಗರು ಬಂಡಿಯ ಚಕ್ರದ ಕಬ್ಬಿಣದ ಪಟ್ಟಿಯನ್ನೇ ಬಗ್ಗಿಸಿ, ಅದರ ಮೇಲೆ ಅವಳ ಹೆಸರನ್ನೂ 50 ವರುಷವೆಂಬ ಪ್ರಾಯವನ್ನೂ ಉಳಿಯಿಂದ ಕೆತ್ತಿ ನೆಟ್ಟರು. ಹಳಿಗೆ ತೀರ ಸಮೀಪವಾಗಿದ್ದದರಿಂದ 1995 ರಲ್ಲಿ ಸಮಾಧಿಯನ್ನು ಸ್ವಲ್ಪ ದೂರಕ್ಕೆ ಸರಿಸಿದರು. ನಾವು ಆ ಪಟ್ಟಿಯ ಅಕ್ಷರಗಳನ್ನು ಬೆರಳಿಟ್ಟು ಓದುತ್ತಿರುವಾಗ ಕಲ್ಲಿದ್ದಲಿನ ಒಂದು ರೈಲು ಬಂತು. ಅದರ ಡಬ್ಬಿಗಳನ್ನು ಎಣಿಸತೊಡಗಿದೆವು; ನೂರು ದಾಟಿದ ಮೇಲೆ ಬಿಟ್ಟುಬಿಟ್ಟೆವು.