ಕೋಡಿಂಗೇ ಕಲಿಯಬೇಕೆಂದೇನಿಲ್ಲ: ಯಂತ್ರದ ವಿದ್ಯೆ ಆರಿಸಿಕೊಳ್ಳುವುದು ಹೇಗೆ?

ಮೆಕ್ಯಾನಿಕಲ್ ಓದುವ ಮಗನಿಗಾಗಲಿ, ಎಲೆಕ್ಟ್ರಿಕಲ್ ಓದುವ ಮಗಳಿಗಾಗಲಿ ಕೊನೆಯ ಸೆಮಿಸ್ಟರ್ ಬಂತೆಂದರೆ ಮನೆಯಲ್ಲಿ ಒಂದೇ ಮಾತು: ‘ಬೆಂಗಳೂರಲ್ಲಿ ಪಿಜಿ ಹಿಡಿದು ಜಾವಾನೋ ಪೈಥಾನೋ ಕಲಿತುಬಿಡು.’ ಹಾಗೆ ಬಸ್ಸು ಹತ್ತಿದ ದೊಡ್ಡಬಳ್ಳಾಪುರದ ಮಕ್ಕಳು ದಾರಿಯುದ್ದಕ್ಕೂ ದಾಟಿಹೋಗುವುದು ತಾವು ಓದಿದ ವಿದ್ಯೆಯೇ ಬೇಕಾಗಿರುವ ಕಾರ್ಖಾನೆಗಳ ಗೇಟುಗಳನ್ನು. ಕೋಡಿಂಗ್ ಒಳ್ಳೆಯ ಕೆಲಸವೇ. ಪ್ರೋಗ್ರಾಮ್ ಓಡುವ ತನಕ ಊಟ ಮರೆಯುವವರು ಧಾರಾಳವಾಗಿ ಅದನ್ನೇ ಹಿಡಿಯಲಿ. ಕೆಲಸ ಸಿಗದೆಂಬ ಭಯಕ್ಕೇ ಯಾರೂ ಅತ್ತ ಓಡಬಾರದು.

ಮೊದಲ ಕೆಲಸ, ಲ್ಯಾಬ್ ದಿನಗಳನ್ನು ನೆನಪಿಸಿಕೊಳ್ಳುವುದು. ಯಾವ ಲ್ಯಾಬಿನಲ್ಲಿ ಹೊತ್ತು ಹೋಗಿದ್ದೇ ತಿಳಿಯಲಿಲ್ಲ? ವೆಲ್ಡಿಂಗೋ, ಮೋಟಾರೋ, ಡ್ರಾಯಿಂಗೋ? ಅಂಕಪಟ್ಟಿಗಿಂತ ಇದು ನಿಜ ಹೇಳುತ್ತದೆ.

ಎರಡನೆಯದು, ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಏನಿದೆ ಎಂದು ಬರೆದಿಡಿ. ಹೊಸಕೋಟೆಯಲ್ಲಿ ವೋಲ್ವೋ 1998ರಿಂದ ಟ್ರಕ್ ಜೋಡಿಸುತ್ತಿದೆ. ದೇವನಹಳ್ಳಿಯ ಏರೋಸ್ಪೇಸ್ ಪಾರ್ಕಿನಲ್ಲಿ ಬೋಯಿಂಗ್‌ನ 43 ಎಕರೆಯ ಎಂಜಿನಿಯರಿಂಗ್ ಕೇಂದ್ರ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳೂ ಅಪೆರಲ್ ಪಾರ್ಕೂ ಇವೆ. ನೆಲಮಂಗಲ, ದಾಬಸ್‌ಪೇಟೆಯ ಕಡೆ ಗೋದಾಮುಗಳಿವೆ. ಕನ್ವೇಯರ್, ಸೆನ್ಸರ್, ಮೋಟಾರ್ ಇರುವ ಕಡೆ ಕೆಟ್ಟಾಗ ಸರಿಮಾಡುವವರೂ ಬೇಕು.

ಮೂರನೆಯದೇ ಮುಖ್ಯ. ಪರಿಚಯದವರ ಮೂಲಕ ಕೇಳಿಕೊಂಡು ಒಂದು ಸಣ್ಣ ಮೆಷಿನ್ ಶಾಪಿನಲ್ಲಿ ಒಂದು ಶಿಫ್ಟ್ ಪೂರ್ತಿ ನಿಲ್ಲಿ. ಏನು ನೋಡಬೇಕೆಂದು ಒಂದು ಉದಾಹರಣೆ ಕೊಡುತ್ತೇನೆ. ಸಿಎನ್‌ಸಿ ಲೇತಿನಲ್ಲಿ ಬುಷ್ ತಯಾರಾಗುತ್ತಿದೆ ಎನ್ನಿ. ಡ್ರಾಯಿಂಗಿನಲ್ಲಿ ರಂಧ್ರದ ಅಳತೆ 25 ಎಚ್7, ಅಂದರೆ 25.000ದಿಂದ 25.021 ಮಿ.ಮೀ. ಒಳಗೇ ಬರಬೇಕು. ಬೆಳಿಗ್ಗೆಯಿಂದ ಸರಿಯಾಗಿ ಬರುತ್ತಿದ್ದ ಜಾಬ್ ಮಧ್ಯಾಹ್ನ 24.995ಕ್ಕೆ ಇಳಿಯುತ್ತದೆ. ಪ್ರೋಗ್ರಾಮಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ಸವೆದದ್ದು ಬೋರಿಂಗ್ ಟೂಲಿನ ತುದಿ. ಅನುಭವಿ ಸೆಟ್ಟರ್ ಜಾಬನ್ನು ಒರೆಸಿ, ಆರಲು ಬಿಟ್ಟು, ಬೋರ್ ಗೇಜಿನಲ್ಲಿ ಇನ್ನೊಮ್ಮೆ ಅಳೆದು, ಆಫ್‌ಸೆಟ್‌ನಲ್ಲಿ 0.015 ಕೂಡಿಸುತ್ತಾರೆ. ಮುಂದಿನ ಜಾಬ್ 25.010. ಆರಲು ಬಿಟ್ಟಿದ್ದೇಕೆ? ಉಕ್ಕು 20 ಡಿಗ್ರಿ ಬಿಸಿಯೇರಿದರೆ ಈ ಗಾತ್ರದ ರಂಧ್ರ ಸುಮಾರು 6 ಮೈಕ್ರಾನ್ ಹಿಗ್ಗುತ್ತದೆ. ಬಿಸಿಯಲ್ಲಿ ಸರಿಯೆನಿಸಿದ್ದು ತಣ್ಣಗಾದ ಮೇಲೆ ರಿಜೆಕ್ಟ್ ಆಗಬಹುದು. ತಜ್ಞತೆ ಎನ್ನುವುದು ಇದನ್ನೇ. ಇದನ್ನು ನೋಡಿ ನಿಮಗೆ ‘ಯಾಕೆ ಹೀಗೆ?’ ಎಂದು ಕೇಳಬೇಕೆನಿಸಿದರೆ ನೀವು ಈ ಕಡೆಯವರು. ಕಾಲು ನೋವಷ್ಟೇ ನೆನಪಿನಲ್ಲಿ ಉಳಿದರೆ ಅದೂ ಒಂದು ಉತ್ತರವೇ.

ಆಮೇಲೆ ವಿಷಯವನ್ನು ಕಿರಿದುಮಾಡಿ. ‘ಪ್ರೊಡಕ್ಷನ್’ ಎಂದರೆ ಸಾಲದು. ಅಳತೆ ಮತ್ತು ತಪಾಸಣೆ, ಅಚ್ಚು ತಯಾರಿಕೆ, ಪಿಎಲ್‌ಸಿ ಪ್ಯಾನೆಲ್, ಮಗ್ಗದ ದುರಸ್ತಿ, ಹೀಗೆ ಒಂದನ್ನು ಹೆಸರಿಸಿ, ಎರಡು ವರ್ಷ ಬಿಡದೆ ಹಿಡಿಯಿರಿ.

ಕಲಿಯಲು ಸರ್ಕಾರಿ ದಾರಿಗಳಿವೆ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಜಿಟಿಟಿಸಿ ಟೂಲ್ ಮತ್ತು ಡೈ ಕೆಲಸಕ್ಕೆ ಹೆಸರುವಾಸಿ. ತುಮಕೂರು ರಸ್ತೆಯ ಸಿಎಂಟಿಐ ಅಲ್ಪಾವಧಿ ತರಬೇತಿ ಕೊಡುತ್ತದೆ. ನೆಲಮಂಗಲದವರಿಗೆ ಅದು ನೇರ ದಾರಿ. ಡಿಪ್ಲೊಮಾ, ಬಿಇ ಮುಗಿಸಿದವರು ನ್ಯಾಟ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಕಾರ್ಖಾನೆಯಲ್ಲೇ ಸ್ಟೈಪೆಂಡ್ ಪಡೆದು ಅಪ್ರೆಂಟಿಸ್ ಆಗಬಹುದು. ನನ್ನನ್ನು ಕೇಳಿದರೆ, ಸಾಲ ಮಾಡಿ ಕಟ್ಟುವ ಕೋರ್ಸಿಗಿಂತ ಈ ಅಪ್ರೆಂಟಿಸ್ ತರಬೇತಿಯೇ ಮೇಲು.

ಹಾಗಾದರೆ ಪ್ರೋಗ್ರಾಮಿಂಗ್ ಬೇಡವೇ ಬೇಡವೇ? ನಿಮ್ಮ ಕೆಲಸ ಕೇಳುವಷ್ಟು ಬೇಕು. ಲೇತಿನವರಿಗೆ ಜಿ-ಕೋಡ್, ಪ್ಯಾನೆಲ್‌ನವರಿಗೆ ಲ್ಯಾಡರ್ ಲಾಜಿಕ್, ತಪಾಸಣೆಯವರಿಗೆ ಎಕ್ಸೆಲ್. ಕೆಲಸ ಕೈಗೆ ಹತ್ತಿದ ಮೇಲೆ ಇವು ಬೇಗ ಬರುತ್ತವೆ.

ತಂದೆ ತಾಯಂದಿರಲ್ಲಿ ಒಂದು ವಿನಂತಿ: ‘ಕೆಲಸ ಗ್ಯಾರಂಟಿ’ ಎಂಬ ಬೋರ್ಡು ನೋಡಿ ಶುಲ್ಕ ಕಟ್ಟುವ ಮೊದಲು ಮಕ್ಕಳಿಗೆ ಆ ಒಂದು ಶಿಫ್ಟ್ ನಿಂತು ನೋಡಲು ಬಿಡಿ.