ಗ್ರಾಮಾಭಿವೃದ್ಧಿಯೂ ಕಾಡುಪ್ರಾಣಿಗಳ ನೆಲೆಯೂ

ಸಂತೆಮರಹಳ್ಳಿಯಿಂದ ಮೂಡಲಿಗೆ ನೋಡಿದರೆ ಬಿಳಿಗಿರಿರಂಗನ ಬೆಟ್ಟಸಾಲು ಒಂದೇ ನೀಲಿ ಗೋಡೆಯಂತೆ ಕಾಣುತ್ತದೆ. ದೂರಕ್ಕೆ ಅಖಂಡವಾಗಿ ತೋರುವ ಈ ಕಾಡು ಹತ್ತಿರ ಹೋದರೆ ಹಾಗಿಲ್ಲ. ನಮ್ಮ ಜಿಲ್ಲೆಯ ಕಾಡುಗಳು ಎಲ್ಲೆಲ್ಲಿ, ಏತಕ್ಕಾಗಿ ತುಂಡಾಗುತ್ತಿವೆ, ಅದರಿಂದ ಒದಗುವ ಹಾನಿಯೇನು ಎಂಬುದನ್ನು ನಾನು ತಿಳಿದ ಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ಕಾಡು ಕಡಿಮೆಯಾಗುವುದು ಬೇರೆ, ಕಾಡು ತುಂಡಾಗುವುದು ಬೇರೆ. ಎಂಟು ಮೊಳದ ಪಂಚೆಯನ್ನು ಎಂಟು ತುಂಡು ಮಾಡಿದರೆ ಬಟ್ಟೆಯ ಅಳತೆ ಎಂಟು ಮೊಳವೇ. ಆದರೆ ಅದನ್ನು ಉಡುವಂತಿಲ್ಲ. ಇದನ್ನೇ ಲೆಕ್ಕದಲ್ಲಿ ನೋಡೋಣ. ಹತ್ತು ಕಿ.ಮೀ. ಉದ್ದ, ಹತ್ತು ಕಿ.ಮೀ. ಅಗಲದ ಚಚ್ಚೌಕ ಕಾಡೊಂದರ ವಿಸ್ತೀರ್ಣ 100 ಚ.ಕಿ.ಮೀ., ಅದರ ಅಂಚು 40 ಕಿ.ಮೀ. ದನಕರು, ಸೌದೆಯವರು, ಸದ್ದು, ಬೆಳಕು ಇವೆಲ್ಲ ಅಂಚಿನಿಂದ ಒಂದು ಕಿ.ಮೀ. ಒಳಕ್ಕೆ ಬರುತ್ತವೆಂದು ಇಟ್ಟುಕೊಂಡರೆ, ನೆಮ್ಮದಿಯ ಒಳಗಾಡು 64 ಚ.ಕಿ.ಮೀ. ಉಳಿಯುತ್ತದೆ. ಈಗ ಎರಡು ರಸ್ತೆಗಳು ನಡುವೆ ಅಡ್ಡಹಾಯ್ದು ಕಾಡನ್ನು ನಾಲ್ಕು ಸಮಭಾಗ ಮಾಡಿದುವೆನ್ನಿ. ಅಂಚು 80 ಕಿ.ಮೀ. ಆಗುತ್ತದೆ, ಒಂದೊಂದು ಭಾಗದ ಒಳಗಾಡು 9, ಒಟ್ಟು 36 ಚ.ಕಿ.ಮೀ. ಮಾತ್ರ. ರಸ್ತೆಗೆ ಹೋದ ನೆಲ ಅತ್ಯಲ್ಪ; ಕೆಟ್ಟ ನೆಮ್ಮದಿ ಅರ್ಧಕ್ಕೆ ಸಮೀಪ.

ಪ್ರಾಣಿಗಳಿಗೆ ಇದು ಜೀವನ್ಮರಣದ ಪ್ರಶ್ನೆ. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವೂ ನೂರು ಲೀಟರಿಗೂ ಮಿಗಿಲಾದ ನೀರೂ ಬೇಕು. ಬೇಸಗೆಯಲ್ಲಿ ಕೆರೆಕಟ್ಟೆಗಳು ಬತ್ತಿದಾಗ ಹಿರಿಯ ಹೆಣ್ಣಾನೆ ತಾನು ಬಲ್ಲ ಹಾದಿಯಲ್ಲಿಯೇ ಹಿಂಡನ್ನು ನಡೆಸುತ್ತದೆ. ಹಾದಿಯಲ್ಲಿ ಹೊಲವೆದ್ದಿದ್ದರೆ ಹೊಲವೇ ಹಾದಿ. ಪ್ರಾಯಕ್ಕೆ ಬಂದ ಗಂಡುಹುಲಿ ತಾಯಿಯ ನೆಲೆ ಬಿಟ್ಟು ಬೇರೆ ಕಾಡನ್ನು ಅರಸಬೇಕು. ದಾರಿಯಿಲ್ಲದಿದ್ದರೆ ಊರಿನಂಚಿಗೆ ಬರುತ್ತದೆ, ಇಲ್ಲವೆ ರಕ್ತಸಂಬಂಧಗಳೊಳಗೇ ಕೂಡಿ ಸಂತತಿ ಕ್ಷೀಣಿಸುತ್ತದೆ.

ಇನ್ನು ನಮ್ಮ ಜಿಲ್ಲೆಯ ಸಂಗತಿ. ಮೈಸೂರು ಮಹಾರಾಜರು 1931ರಲ್ಲಿ ಸುಮಾರು 90 ಚ.ಕಿ.ಮೀ.ಗಳ ವೇಣುಗೋಪಾಲ ವನ್ಯಮೃಗೋದ್ಯಾನವನ್ನು ಸ್ಥಾಪಿಸಿದರು. ಅದೇ ಬೆಳೆದು ಬಂಡೀಪುರವಾಗಿ, 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಗುಂಡ್ಲುಪೇಟೆಯಿಂದ ಊಟಿಗೂ ಸುಲ್ತಾನ್ ಬತ್ತೇರಿಗೂ ಹೋಗುವ ಎರಡು ಹೆದ್ದಾರಿಗಳು ಈ ಕಾಡನ್ನು ಸೀಳಿವೆ. 1974ರಲ್ಲಿ ಮುಗಿದ ಕಬಿನಿ ಜಲಾಶಯ ಸಾವಿರಾರು ರೈತರಿಗೆ ನೀರು ಕೊಟ್ಟಿತು. ಬಂಡೀಪುರಕ್ಕೂ ನಾಗರಹೊಳೆಗೂ ನಡುವೆ ನೀರಿನ ಗಡಿಯನ್ನೂ ಹಾಕಿತು. ಕಣಿಯನಪುರದ ಬಳಿ ಒಂದು ಕಡೆ ಮೋಯಾರಿನ ಆಳವಾದ ಕಮರಿ, ಮತ್ತೊಂದು ಕಡೆ ಹಳ್ಳಿಗಳ ಹೊಲ. ಆನೆಗಳಿಗೆ ಉಳಿದಿರುವುದು ನಡುವಿನ ಪಟ್ಟಿಯಷ್ಟೆ. ಮೂಡಲಲ್ಲಿ ಪುಣಜೂರಿನ ಹತ್ತಿರ ಚಾಮರಾಜನಗರ–ಸತ್ಯಮಂಗಲ ಹೆದ್ದಾರಿ ಆನೆದಾರಿಯನ್ನು ಹಾಯುತ್ತದೆ. ಬಿಳಿಗಿರಿಯನ್ನು ಮಲೆ ಮಹದೇಶ್ವರದ ಕಡೆಯ ಕಾಡುಗಳಿಗೆ ಕೂಡಿಸುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಪಟ್ಟಿ ಬಹು ಇಕ್ಕಟ್ಟಾದುದು. ಅಲ್ಲಿ ಖಾಸಗಿ ಜಮೀನು ಸುಮಾರು 25 ಎಕರೆಯನ್ನು ವನ್ಯಜೀವಿ ಸಂಸ್ಥೆಗಳು ಕ್ರಯಕ್ಕೆ ಪಡೆದು ಅರಣ್ಯ ಇಲಾಖೆಗೆ ಒಪ್ಪಿಸಿದುವು. ಸ್ಥಳವರಿತರೆ 25 ಎಕರೆಯೂ ದೊಡ್ಡದೇ.

ಜನ ಇರುವುದೇ ದೋಷವೆಂದು ನಾನು ಹೇಳುತ್ತಿಲ್ಲ. ಸೋಲಿಗರು ಬಿಳಿಗಿರಿಯಲ್ಲಿ ತಲೆತಲಾಂತರದಿಂದ ಇದ್ದಾರೆ. 2011ರಲ್ಲಿ ಅಲ್ಲಿನ ಅನೇಕ ಪೋಡುಗಳಿಗೆ ಸಾಮುದಾಯಿಕ ಅರಣ್ಯ ಹಕ್ಕೂ ದೊರೆಯಿತು. ಕಾಡನ್ನು ಸೀಳುವುದು ಮನುಷ್ಯನ ಹೆಜ್ಜೆಯಲ್ಲ. ಅಗಲವಾದ ರಸ್ತೆ, ಸಾಲು ಬೇಲಿ, ಕಂದಕ, ಕಾಲುವೆಗಳು. ಬೇಲಿಯೂ ಆನೆಯ ಹಾದಿಗೆ ಅಡ್ಡವಾದರೆ, ಒಬ್ಬನ ಬೆಳೆ ಉಳಿಸಿ ಪಕ್ಕದವನ ಬೆಳೆಯನ್ನು ಆನೆಗೆ ಒಪ್ಪಿಸುತ್ತದೆ.

ಇಲ್ಲಿ ನನ್ನದೊಂದು ಮಾತನ್ನು ಮುಚ್ಚಿಡಲಾರೆ. ಕಾಡಂಚಿನ ನನ್ನ ಸೋದರಮಾವನ ಊರಿಗೆ ಡಾಂಬರು ರಸ್ತೆ ಬೇಕೆಂದು ಬರೆದ ಅರ್ಜಿಗೆ ನಾನೂ ರುಜು ಹಾಕಿದ್ದೇನೆ. ಆ ಊರಿನಿಂದ ಹೆರಿಗೆಯ ನೋವೆದ್ದ ಹೆಂಗಸನ್ನು ಮಳೆಯಲ್ಲಿ ಎತ್ತಿನ ಗಾಡಿಯಲ್ಲಿ ಕರೆದೊಯ್ದುದನ್ನು ಕಂಡವನು ನಾನು. ಆ ರಸ್ತೆ ಆನೆದಾರಿಯನ್ನು ಹಾಯುವುದೆಂದು ನನಗೆ ತಿಳಿದುದು ಆಮೇಲೆ, ನಕ್ಷೆ ನೋಡಿದಾಗ. ಇಂದು ಅರ್ಜಿ ಬಂದರೆ ರುಜು ಹಾಕುವೆನೇ? ಹಾಕುವೆನು, ಆದರೆ ಎರಡು ಸಾಲು ಸೇರಿಸುವೆನು. ರಸ್ತೆ ಊರಿಗೇ ನಿಲ್ಲಲಿ, ಕಾಡು ಹಾಯ್ದು ಆಚೆಗೆ ಬೆಳೆಯದಿರಲಿ. ರಾತ್ರಿ ಆಂಬುಲೆನ್ಸಿಗೆ ಹೊರತು ಮುಚ್ಚಿರಲಿ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಲ್ಲಿಯೇ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವಾಗಿ, ತುರ್ತು ವಾಹನಗಳಿಗೆ ವಿನಾಯಿತಿಯೂ ದೊರೆತಿರುವಾಗ, ಹಳ್ಳಿಯ ರಸ್ತೆಗೆ ಅದು ಅಸಾಧ್ಯವಲ್ಲ.

ಬೆಳೆನಷ್ಟದ ಪರಿಹಾರ ತಡವಿಲ್ಲದೆ ರೈತನ ಕೈಸೇರಬೇಕು. ಯೋಜನೆಯ ನಕ್ಷೆಯ ಮೇಲೆ ಮೊದಲು ಆನೆದಾರಿಯನ್ನು ಗುರುತಿಸಿ, ಆಮೇಲೆ ರಸ್ತೆಯ ಗೆರೆ ಎಳೆಯಬೇಕು. ಹಳ್ಳಿಯೂ ಬೆಳೆಯಲಿ, ಕಾಡೂ ಉಳಿಯಲಿ ಎಂಬುದು ಬರಿಯ ಹಾರೈಕೆಯಾಗದಿರಬೇಕಾದರೆ, ಗೆರೆ ಎಳೆಯುವ ಮುನ್ನ ನಾವು ನಕ್ಷೆಯನ್ನು ನೋಡುವುದನ್ನು ಕಲಿಯಬೇಕು.