ಗೋವಿನಜೋಳದ ಸುಳಿಯಿಂದ ಜಾಗತಿಕ ಮಾರುಕಟ್ಟೆಗೆ: ಬೆಳೆ ಸಂರಕ್ಷಣೆ

ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನ ಹತ್ತಿಮತ್ತೂರು ಇರುವುದು ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಸೀಮೆಯಲ್ಲಿ. ಗೋವಿನಜೋಳವನ್ನು ಕಾಡುವ, ಅಮೆರಿಕ ಖಂಡ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇನಲ್ಲಿ, ಶಿವಮೊಗ್ಗದ ಗೋವಿನಜೋಳದ ಹೊಲದಲ್ಲಿ. ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಬಳಿ ಚೌಕಾಕಾರದ ನಾಲ್ಕು ಚುಕ್ಕೆಗಳು. ಸುಳಿಯೊಳಗೆ ಅಡಗಿ ತನ್ನದೇ ಹಿಕ್ಕೆಯಿಂದ ಮುಚ್ಚಿಕೊಳ್ಳುವುದರಿಂದ ಎಲೆಯ ಮೇಲಷ್ಟೇ ಸಿಂಪಡಿಸಿದರೆ ಔಷಧ ದಂಡ!

ಬೆಳೆ ಸಂರಕ್ಷಣೆಯ ಔಷಧಗಳಲ್ಲಿ ಜಗತ್ತಿನಲ್ಲಿ ಹೆಚ್ಚು ಮಾರಾಟವಾಗುವುದು ಕಳೆನಾಶಕ. ಭಾರತದಲ್ಲಿ ಕೀಟನಾಶಕವೇ ಮುಂದು. ಆದರೆ ಕೂಲಿಯಾಳು ಸಿಗದಂತಾಗಿ ಇಲ್ಲೂ ಕಳೆನಾಶಕ ಹೆಚ್ಚುತ್ತಿದೆ. ಸಿಂಜೆಂಟಾ, ಬೇಯರ್, ಬಿಎಎಸ್‌ಎಫ್, ಕೊರ್ಟೆವಾ ಈ ವಲಯದ ದೊಡ್ಡ ನಾಲ್ಕು ಕಂಪನಿಗಳು. ಸಿಂಜೆಂಟಾವನ್ನು 2017ರಲ್ಲಿ ಚೀನಾದ ಕೆಮ್‌ಚೀನಾ ಕೊಂಡಿತು. ಮಾನ್ಸಾಂಟೊವನ್ನು 2018ರಲ್ಲಿ ಬೇಯರ್. ಪೇಟೆಂಟ್ ಮುಗಿದ ಔಷಧಗಳ ತಯಾರಿಕೆ, ರಫ್ತು ಭಾರತದ ಬಲ. ಕ್ಲೋರಾಂಟ್ರಾನಿಲಿಪ್ರೋಲ್ ಎಂಬ ಕೀಟನಾಶಕದ ಪೇಟೆಂಟ್ ಇಲ್ಲಿ ಮುಗಿದದ್ದು 2022ರ ಆಗಸ್ಟ್‌ನಲ್ಲಿ.

ಮುಂದಿನ ದಾರಿ ಜೈವಿಕ ಕೀಟನಾಶಕ, ಡ್ರೋನ್ ಸಿಂಪಡಣೆ, ಸಮಗ್ರ ಪೀಡೆ ನಿರ್ವಹಣೆ. ಕೀಟಗಳ ನಿರೋಧಕ ಶಕ್ತಿಯೇ ಈ ಬದಲಾವಣೆಗೆ ಮುಖ್ಯ ಒತ್ತಡ: 2002ರಲ್ಲಿ ಒಪ್ಪಿಗೆ ಪಡೆದ ಕುಲಾಂತರಿ ಬಿಟಿ ಹತ್ತಿಯನ್ನೂ ಗುಲಾಬಿ ಕಾಯಿಕೊರಕ ಜೀರ್ಣಿಸಿಕೊಂಡಿದೆ.

ಕಾನೂನು: ಕೀಟನಾಶಕ ಕಾಯ್ದೆ 1968, ನಿಯಮಗಳು 1971. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ ವಿಷದ ಮಟ್ಟ ತಿಳಿಯಬೇಕು: ಕೆಂಪು ಅತಿ ಹೆಚ್ಚು, ನಂತರ ಹಳದಿ, ನೀಲಿ, ಹಸಿರು. ಹಸಿರೆಂದರೆ ನಿರಪಾಯ ಎಂದಲ್ಲ. ಎಂಡೋಸಲ್ಫಾನ್ ಕೀಟನಾಶಕಕ್ಕೆ ಸುಪ್ರೀಂ ಕೋರ್ಟ್ ತಡೆ ನೀಡಿದ್ದು 2011ರ ಮೇ 13ರಂದು.